ಕರೆದದ್ದು ಒಂದಕ್ಕೆ, ಕೂರಿಸಿದ್ದು ಇನ್ನೊಂದಕ್ಕೆ

ಪತ್ರ: ಜಾವಾ ಡೆವಲಪರ್ (ಜಾವಾ ಭಾಷೆಯಲ್ಲಿ ಕೋಡ್ ಬರೆಯುವವರು) ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿ, ಕಾಸರಗೋಡಿನಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಸಂದರ್ಶನದಲ್ಲಿ ಜಾವಾದ ಒಂದು ಪ್ರಶ್ನೆಯೂ ಬರಲಿಲ್ಲ. ಡಿಎನ್ಎಸ್ ಪೋರ್ಟ್ ಯಾವುದು, ಲಿನಕ್ಸ್ ಕಮಾಂಡ್ ಗೊತ್ತೇ, ರಾತ್ರಿ ಪಾಳಿಗೆ ತಯಾರಿದ್ದೀರಾ, ಇಷ್ಟೇ. ‘ಒಂದು ವರ್ಷ ಇದು, ಆಮೇಲೆ ಡೆವಲಪ್‌ಮೆಂಟ್’ ಎಂದರು. ಆ ಜಾಹೀರಾತು ಈಗ ಪೋರ್ಟಲ್‌ನಲ್ಲಿ ಕಾಣುತ್ತಿಲ್ಲ. ನನ್ನ ತಯಾರಿ ಸಾಲಲಿಲ್ಲವೇ? – ಓದುಗ, ಕುಂಬಳೆ

ಉತ್ತರ: ತಯಾರಿ ಸಾಲಲಿಲ್ಲವೆಂಬ ಮಾತನ್ನು ಮೊದಲು ಬಿಟ್ಟುಬಿಡಿ. ಜಾವಾ ಕೆಲಸಕ್ಕೆಂದು ಕಲೆಕ್ಷನ್ಸ್, ಸ್ಪ್ರಿಂಗ್ ಬೂಟ್, ಎಸ್‌ಕ್ಯೂಎಲ್ ಜಾಯಿನ್ ಎಂದು ತಿಂಗಳುಗಟ್ಟಲೆ ಓದಿದವರಿಗೆ ಡಿಎನ್ಎಸ್ ಎಂಬ ನೆಟ್‌ವರ್ಕ್ ವ್ಯವಸ್ಥೆಯ ಪೋರ್ಟ್ 53 ತಟ್ಟನೆ ಹೊಳೆಯದಿದ್ದರೆ ಅದರಲ್ಲಿ ನಾಚುವಂಥದ್ದೇನಿಲ್ಲ. ನೀವು ಕೂತದ್ದು ಪ್ರೊಡಕ್ಷನ್ ಸಪೋರ್ಟ್, ಅಂದರೆ ಚಾಲ್ತಿಯಲ್ಲಿರುವ ಸಾಫ್ಟ್‌ವೇರ್ ನಿಲ್ಲದಂತೆ ನೋಡಿಕೊಳ್ಳುವ ಹುದ್ದೆಯ ಸಂದರ್ಶನಕ್ಕೆ. ಲಾಗ್ (ಸರ್ವರ್‌ನ ದಾಖಲೆ) ಓದುವುದು, ಟಿಕೆಟ್ (ದಾಖಲಾದ ದೂರು) ಬಗೆಹರಿಸಿ ಮುಚ್ಚುವುದು, ಪಾಳಿಯಲ್ಲಿ ಕೂರುವುದು ಅಲ್ಲಿಯ ಕೆಲಸ.

ಕಂಪನಿಯ ಕಡೆಗೂ ಒಂದು ಮಾತಿದೆ. ಎಚ್‌ಆರ್ ವಿಭಾಗ ಹಳೆಯ ಜಾಹೀರಾತನ್ನೇ ನಕಲು ಮಾಡಿರಬಹುದು. ಹುದ್ದೆ ಒಳಗಿನವರಿಗೆ ಹೋಗಿಯೂ ಜಾಹೀರಾತು ಉಳಿದಿರಬಹುದು. ಎಷ್ಟೋ ಕಡೆ ಸಂದರ್ಶಕರ ಕೈಗೆ ಬಯೋಡೇಟಾ ಮಾತ್ರ ಬರುತ್ತದೆ. ಸಪೋರ್ಟ್ ಕೀಳು ಕೆಲಸವೂ ಅಲ್ಲ, ನಡುರಾತ್ರಿ ಬ್ಯಾಂಕಿನ ಸರ್ವರ್ ನಿಂತರೆ ಎದ್ದು ಕೂರುವವರು ಅವರೇ. ಆದರೆ ಸಪೋರ್ಟ್ ಎಂದರೆ ಅರ್ಜಿ ಬರುವುದಿಲ್ಲವೆಂದು ಗೊತ್ತಿದ್ದೇ ಡೆವಲಪರ್ ಎಂದು ಬರೆಸುವವರನ್ನು ಮರೆಗುಳಿಗಳೆಂದು ಕ್ಷಮಿಸಲಾರೆ. ‘ಒಂದು ವರ್ಷ ಇದು’ ಎಂಬ ಬಾಯಿಮಾತು ನಂಬಬೇಡಿ. ಎರಡು ವರ್ಷ ಟಿಕೆಟ್ ಮುಚ್ಚಿದವರನ್ನು ಮುಂದಿನ ಕಂಪನಿ ಜಾವಾ ಅನುಭವಿ ಎಂದು ಎಣಿಸುವುದು ಕಷ್ಟ, ಹೊಸಬರ ಸಾಲಿನಲ್ಲೂ ನಿಲ್ಲಿಸುವುದಿಲ್ಲ.

ನಿಮ್ಮದೂ ಒಂದು ತಪ್ಪುಂಟು. ಅರ್ಜಿ ಹಾಕಿದ ದಿನವೇ ಜಾಹೀರಾತನ್ನು ಜಾಬ್ ಐಡಿ ಸಮೇತ ಪಿಡಿಎಫ್ ಮಾಡಿ ಇಟ್ಟುಕೊಳ್ಳಬೇಕಿತ್ತು. ಇನ್ನು ಮುಂದೆ ರೈಲು ಟಿಕೆಟ್ ಮಾಡುವ ಮೊದಲು ಎಚ್‌ಆರ್‌ಗೆ ಮೇಲ್ ಬರೆಯಿರಿ. ಫೋನಿನಲ್ಲಿ ಕೇಳಿದರೆ ದಾಖಲೆ ಉಳಿಯುವುದಿಲ್ಲ. ವಾರದಲ್ಲಿ ಕೋಡ್ ಬರೆಯುವುದೆಷ್ಟು, ಟಿಕೆಟ್ ಕೆಲಸವೆಷ್ಟು, ಪಾಳಿ ಉಂಟೇ, ನಡುವೆ ಕೆಲಸ ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್ ಉಂಟೇ, ಮೊದಲ ಸುತ್ತು ಆನ್‌ಲೈನ್ ಆಗಬಹುದೇ ಎಂದು ಕೇಳಿ. ಸಂದರ್ಶನದಲ್ಲಿ ಮೂರನೆಯ ಪ್ರಶ್ನೆಯೂ ಹಾದಿ ತಪ್ಪಿದರೆ ಜಾಹೀರಾತಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ‘ನಾನು ಅರ್ಜಿ ಹಾಕಿದ್ದು ಇದಕ್ಕೆ, ಈ ಸಂದರ್ಶನ ಯಾವುದಕ್ಕೆ?’ ಎಂದು ಮೆತ್ತಗೆ ವಿಚಾರಿಸಿ. ಎಡವಟ್ಟು ಎಷ್ಟೋ ಸಲ ಸಂದರ್ಶಕರಿಗೇ ತಿಳಿಯುವುದು ಆಗ.

ಆಫರ್ ಲೆಟರಿನಲ್ಲಿ ಬರೇ ‘ಅಸೋಸಿಯೇಟ್’ ಎಂದಿದ್ದರೆ ಕೆಲಸದ ವಿವರವನ್ನು ಅನುಬಂಧವಾಗಿ ಕೇಳಿ ಪಡೆಯಿರಿ. ಮೂಲ ಅಂಕಪಟ್ಟಿ ಒಪ್ಪಿಸಬೇಡಿ. ಬಾಂಡಿನಲ್ಲಿ ಎಷ್ಟೇ ಮೊತ್ತ ಬರೆದಿರಲಿ, 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕಂಪನಿಗೆ ದಕ್ಕುವುದು ಆ ಮೊತ್ತವನ್ನು ಮೀರದ, ನ್ಯಾಯವೆನಿಸುವ ಪರಿಹಾರ ಮಾತ್ರ.

ಹೆಸರೊಂದು, ಕೆಲಸವೊಂದು ಎಂಬುದು ಈ ನೆಲಕ್ಕೆ ಹೊಸತೇ? 1956ರ ನವೆಂಬರ್ 1ರಂದು ಕಾಸರಗೋಡಿನ ಕನ್ನಡಿಗರಾದ ನಾವು ಕೇರಳದ ಪಾಲಾದೆವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೂ ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದ ಶಿಕ್ಷಕರು ಬಂದು ನಿಂತದ್ದನ್ನೂ, ಮಕ್ಕಳೂ ಹೆತ್ತವರೂ ಅದನ್ನು ಪ್ರತಿಭಟಿಸಿದ್ದನ್ನೂ ಜಿಲ್ಲೆ ಕಂಡಿದೆ. ಆ ತರಗತಿಯಲ್ಲಿ ಲೆಕ್ಕ ಅರ್ಥವಾಗದ ಹುಡುಗನೂ, ನೀವು ಈ ಪತ್ರದಲ್ಲಿ ಮಾಡಿದ ಹಾಗೆಯೇ, ತನ್ನ ತಲೆಯನ್ನೇ ದೂರಿಕೊಳ್ಳುತ್ತಾನೆ.

– ಸಂ.