ಪ್ರ: ಗ್ರೀಸ್‌ನ ಫುಟ್‌ಬಾಲ್ ಆಟಗಾರ ಕೋಸ್ತಾಸ್ ನೆಸ್ತೊರಿದಿಸ್ ನಿಜಕ್ಕೂ ಅಷ್ಟು ದೊಡ್ಡ ಫಾರ್ವರ್ಡಾ (ಗೋಲು ಹೊಡೆಯುವ ಮುಂಚೂಣಿ ಆಟಗಾರ)?

ಹೌದು, ನಿಮ್ಮ ಅನುಮಾನ ಬಿಟ್ಟುಬಿಡಿ. 1959ರಿಂದ 1963ರವರೆಗೆ ಸತತ ಐದು ಸೀಸನ್ ಗ್ರೀಸ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ. ಒಂದು ವರ್ಷ ಯಾರಿಗಾದರೂ ಅದೃಷ್ಟ ಕೈಹಿಡಿಯಬಹುದು, ಐದು ವರ್ಷ ಸುಮ್ನೆ ಆಗಲ್ಲ, ಅಲ್ವಾ?

ಹುಟ್ಟಿದ್ದು 1930ರಲ್ಲಿ, ದ್ರಾಮಾ ಊರಿನಲ್ಲಿ. ಮೊದಲು ಪನಿಯೋನಿಯೊಸ್ ಕ್ಲಬ್‌ಗೆ ಆಡಿ, 1955ರಲ್ಲಿ ಅಥೆನ್ಸಿನ ಇನ್ನೊಂದು ಕ್ಲಬ್ ಎಇಕೆ ಸೇರಿದರು. ಪನಿಯೋನಿಯೊಸ್ ಸ್ಮಿರ್ನಾದಿಂದ (ಈಗಿನ ಟರ್ಕಿಯ ಇಜ್ಮಿರ್) ಅಥೆನ್ಸಿಗೆ ಬಂದ ಕ್ಲಬ್. ಎಇಕೆ ಕಟ್ಟಿದ್ದು ಇಸ್ತಾಂಬುಲ್‌ನಿಂದ ಬಂದ ಗ್ರೀಕರು. ಊರು ಬಿಟ್ಟು ಬಂದವರ ಎರಡು ತಂಡಗಳಿಗೂ ಅವರು ಆಡಿದರು ಅನ್ನೋದು ನನಗೆ ಜಾಸ್ತಿ ಇಷ್ಟ.

1963ರಲ್ಲಿ ಅಥೆನ್ಸಿನದೇ ಪನಾಥಿನೈಕೊಸ್ ಕ್ಲಬ್ ಜೊತೆ ಎಇಕೆ ಆಡಿದ ಪ್ಲೇ-ಆಫ್, ಅಂದರೆ ಲೀಗ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪಂದ್ಯ, 3-3 ಡ್ರಾ. ಗೋಲು ಸರಾಸರಿಯಲ್ಲಿ (ಹೊಡೆದ ಗೋಲು ಮತ್ತು ಬಿಟ್ಟುಕೊಟ್ಟ ಗೋಲುಗಳ ಅನುಪಾತ) ಎಇಕೆ ಚಾಂಪಿಯನ್ ಆಯಿತು, 1940ರ ನಂತರ ಮೊದಲ ಸಲ! ಆಗ ಎಇಕೆ ತಂಡದಲ್ಲಿ ನೆಸ್ತೊರಿದಿಸ್ ಜೊತೆಗಿದ್ದ ಯುವ ಆಟಗಾರ ಮಿಮಿಸ್ ಪಪಯೊಆನ್ನು. ಆಮೇಲೆ ನೆಸ್ತೊರಿದಿಸ್ ಆಸ್ಟ್ರೇಲಿಯಾದ ಸೌತ್ ಮೆಲ್ಬರ್ನ್‌ಗೂ ಆಡಿದರು.