ನೆರೆಮನೆಯ ಜಾಲತಾಣ, ಬೀಗದ ಕೈ ಯಾರ ಸೊಂಟದಲ್ಲಿ?

ಅಕ್ಕಪಕ್ಕದ ದೇಶಗಳು ಫೇಸ್‌ಬುಕ್, ವಾಟ್ಸ್‌ಆ್ಯಪ್, ಎಕ್ಸ್‌ಗಳಿಗೆ ಹೇಗೆ ಲಗಾಮು ಹಾಕುತ್ತಿವೆ ಎಂದು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ನೇಪಾಳದವರು. 2025ರ ಸೆಪ್ಟೆಂಬರ್ ಮೊದಲ ವಾರ ಊರಿಗೆ ವಾಟ್ಸ್‌ಆ್ಯಪ್ ಕರೆ ಹೋಗದೆ, ಏನಾಯಿತೋ ಎಂದು ರಾತ್ರಿಯಿಡೀ ಗೇಟಿನ ಹತ್ತಿರ ಫೋನ್ ಹಿಡಿದು ಕೂತಿದ್ದರು. ಆಮೇಲೆ ನೋಡಿದರೆ ಅಲ್ಲಿನ ಸರ್ಕಾರವೇ ಬಂದ್ ಮಾಡಿತ್ತು. ಹೀಗೆ ಏಕಾಏಕಿ ಎಲ್ಲವನ್ನೂ ನಿಲ್ಲಿಸಲು ಬರುತ್ತದೆಯೇ? (ಓದುಗರು, ಯಲಹಂಕ)

ಏಕಾಏಕಿ ಆದದ್ದಲ್ಲ. ಎರಡು ವರ್ಷದಿಂದ ಹದ ಆಗುತ್ತಿತ್ತು. ನೇಪಾಳ ಸರ್ಕಾರ 2023ರಲ್ಲಿ ಒಂದು ನಿರ್ದೇಶಿಕೆ ತಂದಿತು. ದೇಶದಲ್ಲಿ ನಡೆಯುವ ಪ್ರತಿ ಜಾಲತಾಣವೂ ಸಂವಹನ ಸಚಿವಾಲಯದಲ್ಲಿ ಹೆಸರು ನೋಂದಾಯಿಸಬೇಕು, ನೇಪಾಳದಲ್ಲಿ ಸಂಪರ್ಕಕ್ಕೊಬ್ಬರು, ದೂರು ಕೇಳಲೊಬ್ಬರು ಇರಬೇಕು ಎಂದಿತು. ಬೇಡಿಕೆಯೇನೂ ವಿಪರೀತದ್ದಲ್ಲ. ದೂರು ಕೇಳಲು ಇಲ್ಲೇ ಒಬ್ಬ ಅಧಿಕಾರಿ ಇರಲಿ ಎಂದು ನಮ್ಮ 2021ರ ಐಟಿ ನಿಯಮಗಳೂ ಹೇಳುತ್ತವೆ. ಆದರೆ ದೊಡ್ಡ ಕಂಪನಿಗಳಿಗೆ ನೇಪಾಳ ಚಿಕ್ಕ ಮಾರುಕಟ್ಟೆ. ಪತ್ರ ಬಂದರೂ ಮೇಜಿನ ಮೇಲೇ ಉಳಿಯಿತು.

ಅದೇ 2023ರ ನವೆಂಬರಿನಲ್ಲಿ ನೇಪಾಳದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಕಂಪನಿ ಮಾತುಕತೆಗೆ ಬಂದು ಷರತ್ತು ಒಪ್ಪಿದ ಮೇಲೆ 2024ರ ಆಗಸ್ಟಿನಲ್ಲಿ ನಿಷೇಧ ತೆರವಾಯಿತು. ನನ್ನ ಪ್ರಕಾರ ಎಡವಟ್ಟಾದದ್ದು ಇಲ್ಲೇ. ಒಂದು ಸಲ ಕಿವಿ ಹಿಂಡಿದಾಗ ಕೆಲಸ ಆಯಿತಲ್ಲ, ಎಲ್ಲರ ಕಿವಿಯನ್ನೂ ಒಟ್ಟಿಗೆ ಹಿಂಡೋಣ ಎಂದುಕೊಂಡಿತು ಸರ್ಕಾರ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ನೋಂದಣಿ ಕಡ್ಡಾಯ ಎಂದಿತ್ತು, ಅದು ಬಲವಾಯಿತು. ಏಳು ದಿನದ ಗಡುವು ಕೊಟ್ಟು, ಸೆಪ್ಟೆಂಬರ್ 4ರ ಗುರುವಾರ 26 ಜಾಲತಾಣಗಳನ್ನು ಮುಚ್ಚಲು ಆದೇಶ ಹೊರಟಿತು. ಫೇಸ್‌ಬುಕ್, ಯೂಟ್ಯೂಬ್, ಎಕ್ಸ್ ಮಾತ್ರವಲ್ಲ, ನೇಪಾಳಿಗಳು ದಿನಾ ತಿಥಿ ನೋಡುವ ಅಲ್ಲಿಯದೇ ಕ್ಯಾಲೆಂಡರ್ ಆ್ಯಪ್ ‘ಹಾಮ್ರೋ ಪಾತ್ರೊ’ ಕೂಡ ಆ ಪಟ್ಟಿಯಲ್ಲಿತ್ತು! ಹೆಸರು ನೋಂದಾಯಿಸಿದ್ದ ವೈಬರ್, ಟಿಕ್‌ಟಾಕ್‌ನಂಥ ಕೆಲವು ಮಾತ್ರ ಉಳಿದವು. ನಿಮ್ಮ ವಾಚ್‌ಮ್ಯಾನ್ ಆ ದಿನ ವೈಬರ್ ಹಾಕಿಕೊಂಡಿದ್ದರೆ ಹೆಂಡತಿ ಮಕ್ಕಳ ದನಿ ಕೇಳಬಹುದಿತ್ತು. ಆದರೆ ಆ ಕಡೆಯವರ ಫೋನಿನಲ್ಲೂ ಅದಿರಬೇಕಲ್ಲ?

ಹೊರಗೆ ದುಡಿಯುವವರು ಕಳಿಸುವ ಹಣ ನೇಪಾಳದ ಜಿಡಿಪಿಯ ಸುಮಾರು ಕಾಲು ಭಾಗ. ಅಂಥ ದೇಶದಲ್ಲಿ ವಾಟ್ಸ್‌ಆ್ಯಪ್ ಎಂದರೆ ಮನರಂಜನೆಯಲ್ಲ, ಮನೆಯ ಒಂದು ಕೋಣೆ. ಸಚಿವಾಲಯದಲ್ಲಿ ಕೂತವರಿಗೆ ಇದು ಹೊಳೆಯಲೇ ಇಲ್ಲ. ಅದಕ್ಕೆ ಮೊದಲೇ ರಾಜಕಾರಣಿಗಳ ಮಕ್ಕಳ ಐಷಾರಾಮದ ವಿಡಿಯೋಗಳು ‘ನೆಪೋ ಕಿಡ್’ ಹೆಸರಿನಲ್ಲಿ ಹರಿದಾಡುತ್ತಿದ್ದವು, ಅದೂ ಮುಚ್ಚದೆ ಉಳಿದ ಟಿಕ್‌ಟಾಕ್‌ನಲ್ಲಿ. ಸೋಮವಾರ, 8ನೇ ತಾರೀಕು, ಯೂನಿಫಾರ್ಮ್ ತೊಟ್ಟ ವಿದ್ಯಾರ್ಥಿಗಳೂ ಸೇರಿ ಕಾಠ್ಮಂಡುವಿನ ಬಾನೇಶ್ವರದ ಸಂಸತ್ ಭವನದ ಕಡೆ ನಡೆದರು. ಪೊಲೀಸರು ಗುಂಡು ಹಾರಿಸಿದರು. ಆ ಒಂದೇ ದಿನ 19 ಜನ ಸತ್ತರು. ರಾತ್ರಿ ನಿಷೇಧ ವಾಪಸ್, ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ. ಸಂಸತ್ತಿಗೂ ಸರ್ಕಾರಿ ಕಚೇರಿಗಳಿರುವ ಸಿಂಹ ದರ್ಬಾರಿಗೂ ಬೆಂಕಿ ಬಿತ್ತು. ಒಟ್ಟು ಸಾವು 70 ದಾಟಿತು. ಸಿಟ್ಟಿನ ಬೇರು ಭ್ರಷ್ಟಾಚಾರದಲ್ಲಿತ್ತು, ನಿಷೇಧ ಬರೀ ಕಡ್ಡಿ ಗೀರಿತು. ಇನ್ನೊಂದು ತಮಾಷೆ: ಮುಚ್ಚಿದ 26ರಲ್ಲಿ ಗುಂಪಾಗಿ ಮಾತಾಡುವ ಆ್ಯಪ್ ಡಿಸ್ಕಾರ್ಡ್ ಕೂಡ ಇತ್ತು. ಮಧ್ಯಂತರ ಪ್ರಧಾನಿ ಯಾರಾಗಬೇಕೆಂದು ಯುವಕರು ಸಾವಿರಗಟ್ಟಲೆ ಸೇರಿ ಚರ್ಚಿಸಿದ್ದು ಅದರಲ್ಲೇ. ಅಲ್ಲಿ ಎದ್ದುಬಂದ ಹೆಸರು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರದು. ಸೆಪ್ಟೆಂಬರ್ 12ರಂದು ಅವರೇ ಪ್ರಮಾಣ ವಚನ ಸ್ವೀಕರಿಸಿದರು.

ಪ್ರಶ್ನೆ: ಬಾಂಗ್ಲಾದೇಶದ ಡಿಜಿಟಲ್ ಭದ್ರತಾ ಕಾಯ್ದೆ 2023ರಲ್ಲೇ ರದ್ದಾಯಿತು ಎಂದು ಓದಿದ್ದೆ. ಆಮೇಲೂ ಪೋಸ್ಟ್ ಹಾಕಿದವರ ಮೇಲೆ ಕೇಸು ಎಂಬ ಸುದ್ದಿ ಬರುತ್ತಲೇ ಇತ್ತಲ್ಲ? (ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ)

ಬೋರ್ಡು ಬದಲಾಯಿತು, ಹೋಟೆಲ್ ಅದೇ. ಮೊದಲು, ಆನ್‌ಲೈನ್ ಬರಹಕ್ಕೆ ಕೇಸು ಹಾಕಲು 2006ರ ಐಸಿಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 57ನೇ ಸೆಕ್ಷನ್ ಇತ್ತು. ಅದಕ್ಕೆ ಬೈಗುಳ ಜಾಸ್ತಿಯಾದಾಗ 2018ರಲ್ಲಿ ಡಿಜಿಟಲ್ ಭದ್ರತಾ ಕಾಯ್ದೆ ಬಂತು. ಕೋವಿಡ್ ನಿರ್ವಹಣೆಯನ್ನು ಫೇಸ್‌ಬುಕ್‌ನಲ್ಲಿ ಟೀಕಿಸಿದ ಲೇಖಕ ಮುಷ್ತಾಕ್ ಅಹ್ಮದ್ ಈ ಕಾಯ್ದೆಯಡಿ ಬಂಧಿತರಾದರು. ಮತ್ತೆ ಮತ್ತೆ ಜಾಮೀನು ನಿರಾಕರಣೆಯಾಗಿ 2021ರ ಫೆಬ್ರುವರಿಯಲ್ಲಿ ಜೈಲಿನಲ್ಲೇ ತೀರಿಕೊಂಡರು. ಗಲಾಟೆ ಹೆಚ್ಚಾದ ಮೇಲೆ 2023ರಲ್ಲಿ ಸೈಬರ್ ಭದ್ರತಾ ಕಾಯ್ದೆ ಎಂಬ ಹೊಸ ಹೆಸರು. ಶಿಕ್ಷೆ ಕೆಲವು ಕಡೆ ತಗ್ಗಿತು, ಅಪರಾಧಗಳ ಪಟ್ಟಿ ಹೆಚ್ಚುಕಡಿಮೆ ಹಾಗೇ ಉಳಿಯಿತು. ಹಸೀನಾ ಸರ್ಕಾರ ಹೋದ ಮೇಲೆ, 2025ರ ಮೇ ತಿಂಗಳಲ್ಲಿ ಬಂದ ಸುಗ್ರೀವಾಜ್ಞೆ ಒಂಬತ್ತು ಸೆಕ್ಷನ್‌ಗಳನ್ನು ಕೈಬಿಟ್ಟು ಅವುಗಳಡಿಯ ಕೇಸುಗಳನ್ನೂ ರದ್ದುಮಾಡಿತು. ಇಂಟರ್ನೆಟ್ ಬಳಕೆಯನ್ನು ನಾಗರಿಕರ ಹಕ್ಕು ಎಂದೂ ಅದು ಬರೆಯಿತು.

ಆ ಸಾಲಿನ ಹಿಂದೆ ಒಂದು ನೆನಪಿದೆ. ಮೀಸಲಾತಿ ವಿರೋಧಿ ಚಳವಳಿ ಕಾವೇರಿದ್ದ 2024ರ ಜುಲೈ 18ರ ರಾತ್ರಿ ಇಡೀ ದೇಶದ ಇಂಟರ್ನೆಟ್ ಆರಿಹೋಯಿತು. ಡೇಟಾ ಸೆಂಟರಿಗೆ ಬೆಂಕಿ ಬಿದ್ದದ್ದೇ ಕಾರಣ ಎಂದರು ಸಂಬಂಧಪಟ್ಟ ಸಚಿವರು. ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ, ಮೇಲಿನ ಆದೇಶದಂತೆಯೇ ನಿಲ್ಲಿಸಿದ್ದು ಎಂದು ಆಮೇಲಿನ ತನಿಖೆ ಹೇಳಿತು. ಅಂದರೆ ಇಷ್ಟೆಲ್ಲ ಕಾಯ್ದೆ ಕೈಯಲ್ಲಿದ್ದರೂ ಬೇಕಾದಾಗ ಯಾವ ಕಾಯ್ದೆಯ ಹೆಸರನ್ನೂ ಹೇಳದೆ ಗುಂಡಿ ಒತ್ತಿದರು. ನೀವು ವರದಿಗಾರಿಕೆಗೆ ಬರುವವರಾದ್ದರಿಂದ ಹೇಳುತ್ತೇನೆ: ರದ್ದಾಯಿತು ಎಂಬ ಸುದ್ದಿ ಬಂದಾಗ ಹಳೆಯ ಕೇಸುಗಳು ಏನಾದವು ಎಂದು ಕೇಳಿ. ಆಕ್ಷೇಪಾರ್ಹ ಪೋಸ್ಟಿಗೆ ಜೈಲು ಎನ್ನುತ್ತಿದ್ದ ನಮ್ಮ ಐಟಿ ಕಾಯ್ದೆಯ 66ಎ ಸೆಕ್ಷನ್ 2015ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೂ ಅದೇ ಸೆಕ್ಷನ್ನಿನಡಿ ಎಫ್‌ಐಆರ್ ಹಾಕುವ ಠಾಣೆಗಳು ವರ್ಷಗಟ್ಟಲೆ ಇದ್ದವು.

ಪ್ರಶ್ನೆ: ನಿಮ್ಮ ಲೇಖನಗಳಲ್ಲಿ ಸದಾ ಸರ್ಕಾರವೇ ಖಳನಾಯಕ. ಸುಳ್ಳು, ದ್ವೇಷ ಹರಡಿ ಜನ ಸಾಯುವಾಗ ಸರ್ಕಾರ ಸುಮ್ಮನೆ ಕೂರಬೇಕೇ? (ನಿವೃತ್ತ ಉಪನ್ಯಾಸಕರು, ಶಿವಮೊಗ್ಗ)

ಏಟು ಸರಿಯಾದ ಜಾಗಕ್ಕೇ ಬಿದ್ದಿದೆ, ಒಪ್ಪುತ್ತೇನೆ. 2018ರ ಮಾರ್ಚ್‌ನಲ್ಲಿ ಶ್ರೀಲಂಕಾದ ಕ್ಯಾಂಡಿ ಬಳಿಯ ದಿಗನದಲ್ಲಿ ಮುಸ್ಲಿಮರ ಮನೆ, ಅಂಗಡಿಗಳಿಗೆ ಬೆಂಕಿ ಹಚ್ಚಿದಾಗ ಸಿಂಹಳದಲ್ಲಿ ಬರೆದ ಪ್ರಚೋದನೆಗಳು ಫೇಸ್‌ಬುಕ್‌ನಲ್ಲಿ ಹಾಗೇ ಉಳಿದಿದ್ದವು. ದೂರು ಕೊಟ್ಟರೂ ಓದುವವರಿರಲಿಲ್ಲ. ತನ್ನ ಪಾಲಿನ ತಪ್ಪಿಗೆ ಕಂಪನಿ ಕ್ಷಮೆ ಕೇಳಿದ್ದು ಎರಡು ವರ್ಷದ ಮೇಲೆ.

ಮ್ಯಾನ್ಮಾರ್ ಕಥೆ ಇನ್ನೂ ಘೋರ. 2015ರ ಆರಂಭದಲ್ಲಿ ಬರ್ಮೀ ಭಾಷೆಯ ಪೋಸ್ಟ್ ಪರಿಶೀಲಿಸಲು ಫೇಸ್‌ಬುಕ್ ಬಳಿ ಇದ್ದವರು ಇಬ್ಬರೇ ಎಂದು ರಾಯಿಟರ್ಸ್ ವರದಿ ಮಾಡಿತ್ತು. ಜೊತೆಗೆ ಲಿಪಿಯ ಗೋಜಲು. ಅಲ್ಲಿನ ಬಹುಪಾಲು ಫೋನುಗಳಲ್ಲಿ ಇದ್ದದ್ದು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಪದ್ಧತಿ ಅಲ್ಲ, ‘ಜಾವ್‌ಜಿ’ ಎಂಬ ಬೇರೆಯೇ ಫಾಂಟ್ ಪದ್ಧತಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶದ ಕಡತವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ಕನ್ನಡದ ಬದಲು ಪ್ರಶ್ನಾರ್ಥಕ, ಡಾಲರ್ ಚಿಹ್ನೆಗಳ ಸಾಲು ಕಂಡು ತಲೆ ಚಚ್ಚಿಕೊಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮನುಷ್ಯನ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಬೈಗುಳ ಯಂತ್ರಕ್ಕೆ ಕಸದಂತೆ ಕಾಣುತ್ತಿತ್ತು. ರೋಹಿಂಗ್ಯಾ ಜನರ ಮೇಲೆ ದ್ವೇಷ ಹೀಗೆ ಬೆಳೆಯಿತು. ಕೊನೆಗೆ 2018ರ ಆಗಸ್ಟಿನಲ್ಲಿ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅವರ ಖಾತೆಯನ್ನೇ ಫೇಸ್‌ಬುಕ್ ಕಿತ್ತುಹಾಕಿತು. 2021ರ ಫೆಬ್ರುವರಿ 1ರಂದು ಅದೇ ಸೇನಾ ಮುಖ್ಯಸ್ಥರು ಅಧಿಕಾರ ಕಸಿದರು, ಮೂರೇ ದಿನದಲ್ಲಿ ಫೇಸ್‌ಬುಕ್ ಬಂದ್. ಈಗ ಅಲ್ಲಿ ಅನುಮತಿಯಿಲ್ಲದೆ ವಿಪಿಎನ್ (ನಿಷೇಧ ದಾಟಿ ಜಾಲತಾಣ ತೆರೆಯಲು ಬಳಸುವ ಅಡ್ಡದಾರಿ) ಸೇವೆ ಕೊಡುವುದೂ ಶಿಕ್ಷಾರ್ಹ.

ಹಾಗಾಗಿ ಕಾನೂನು ಬೇಡ ಎನ್ನುವವನಲ್ಲ ನಾನು. ನಮ್ಮ ಭಾಷೆಯನ್ನು ಓದಬಲ್ಲ ಎಷ್ಟು ಜನರನ್ನು ಇಟ್ಟಿದ್ದೀರಿ ಎಂದು ಕಂಪನಿಯನ್ನು ಬಾಯಿಬಿಡಿಸುವ ಕಾನೂನು ನನಗೆ ಬೇಕು. ಕನ್ನಡಕ್ಕೂ ಬೇಕು. ನೆರೆಯವರು ಮಾಡುತ್ತಿರುವುದು ಬೇರೆ. ಶ್ರೀಲಂಕಾದ ಆನ್‌ಲೈನ್ ಸುರಕ್ಷತಾ ಕಾಯ್ದೆಯನ್ನೇ ನೋಡಿ. 2024ರ ಜನವರಿಯಲ್ಲಿ 62ರ ವಿರುದ್ಧ 108 ಮತಗಳಿಂದ ಪಾಸಾಯಿತು. ಯಾವ ಹೇಳಿಕೆ ಸುಳ್ಳು ಎಂದು ತೀರ್ಮಾನಿಸುವುದು ಐವರ ಆಯೋಗ, ನೇಮಿಸುವವರು ರಾಷ್ಟ್ರಪತಿ. ಮಸೂದೆಗೆ ಸುಪ್ರೀಂ ಕೋರ್ಟ್ ಸೂಚಿಸಿದ್ದ ತಿದ್ದುಪಡಿಗಳೆಲ್ಲ ಸೇರಲಿಲ್ಲ ಎಂಬ ಆಕ್ಷೇಪ ಆಗಲೇ ಎದ್ದಿತ್ತು. ಕಂಪನಿಗೆ ಹಾಕಬೇಕಾದ ಮೂಗುದಾರ ಪೋಸ್ಟ್ ಬರೆಯುವವನ ಮೂಗಿಗೆ ಬಿತ್ತು.

ಪ್ರಶ್ನೆ: ಸುಳ್ಳು ಸುದ್ದಿಗೆ ಜೈಲು ಎಂಬ ಪಾಕಿಸ್ತಾನದ ಕಾನೂನಿಗೂ ಸುಳ್ಳು ಸುದ್ದಿ ತಡೆಯುವ ನಮ್ಮ ರಾಜ್ಯದ ಕರಡು ಮಸೂದೆಗೂ ವ್ಯತ್ಯಾಸವೇನು? (ವಕೀಲರು, ಕಲಬುರಗಿ)

ಪಾಕಿಸ್ತಾನ ತನ್ನ 2016ರ ‘ಪೆಕಾ’ ಎಂಬ ಸೈಬರ್ ಅಪರಾಧ ತಡೆ ಕಾಯ್ದೆಗೆ 2025ರ ಜನವರಿಯಲ್ಲಿ ತಿದ್ದುಪಡಿ ತಂದಿತು. ಭಯ, ಗಾಬರಿ, ಅಶಾಂತಿ ಹುಟ್ಟಿಸಬಹುದಾದ ಸುಳ್ಳು ಮಾಹಿತಿಯನ್ನು ತಿಳಿದೂ ಹಂಚಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಅವರ ಲೆಕ್ಕದ 20 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಮೇಲ್ವಿಚಾರಣೆಗೆ ಸರ್ಕಾರವೇ ನೇಮಿಸುವ ಪ್ರಾಧಿಕಾರ.

2025ರ ಜೂನ್‌ನಲ್ಲಿ ಹೊರಬಿದ್ದ ಕರ್ನಾಟಕದ ಕರಡಿನಲ್ಲಿ ಜೈಲು ಏಳು ವರ್ಷದವರೆಗೆ, ದಂಡ 10 ಲಕ್ಷದವರೆಗೆ. ಪ್ರಾಧಿಕಾರದ ಅಧ್ಯಕ್ಷರು ಕನ್ನಡ ಮತ್ತು ಸಂಸ್ಕೃತಿ, ವಾರ್ತಾ ಖಾತೆಯ ಸಚಿವರೇ. ಟೀಕೆ ಬಂದಾಗ ಇದು ಅಂತಿಮ ಕರಡಲ್ಲ ಎಂದಿತು ಸರ್ಕಾರ. ಕಾಗದದ ಮೇಲೆ ಹೋಲಿಸಿದರೆ ನಮ್ಮದೇ ಖಾರ ಹೆಚ್ಚು. ಹಾಗಾದರೆ ವ್ಯತ್ಯಾಸ? ಇಲ್ಲಿ ಹೈಕೋರ್ಟಿನ ಬಾಗಿಲು ತಟ್ಟಿದರೆ ತೆರೆಯುತ್ತದೆ ಎಂಬ ನಂಬಿಕೆ. ತನ್ನ ಬಗೆಗಿನ ಸುದ್ದಿ ಸುಳ್ಳೇ ಎಂದು ತಾನೇ ಹೇಳಲು ಕೇಂದ್ರ ತಂದಿದ್ದ ಫ್ಯಾಕ್ಟ್‌ಚೆಕ್ ಘಟಕದ ನಿಯಮ 2024ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಬಿತ್ತು. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಸಿಗುವುದು ಯಾವಾಗಲೂ ಕೇಳಿದ್ದೇ ಅಲ್ಲ. ಅಧಿಕಾರಿಗಳು ‘ಸಹಯೋಗ್’ ಪೋರ್ಟಲ್ ಮೂಲಕ ಪೋಸ್ಟ್ ತೆಗೆಸುವುದನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿಯನ್ನು ವಜಾ ಮಾಡಿದರು. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರದ್ದು, ವಿದೇಶಿ ಕಂಪನಿಯದ್ದಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ಎಳೆ. ನನಗೆ ಉಳಿಯುವ ತಕರಾರು ಇಷ್ಟೇ: ಕಂಪನಿಗೆ ಹಕ್ಕಿಲ್ಲ ಸರಿ, ಅಳಿಸಿದ ಪೋಸ್ಟನ್ನು ಬರೆದ ನಾಗರಿಕನಿಗೆ ನೋಟಿಸ್ ಯಾರು ಕೊಡಬೇಕು?

ಪಾಕಿಸ್ತಾನದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಚುನಾವಣೆಯ ಬೆನ್ನಿಗೆ, 2024ರ ಫೆಬ್ರುವರಿಯಲ್ಲಿ ಅಲ್ಲಿ ಎಕ್ಸ್ ಬಂದ್ ಆಯಿತು. ತೆರೆದದ್ದು 2025ರ ಮೇನಲ್ಲಿ, ನಮ್ಮೊಂದಿಗಿನ ಸಂಘರ್ಷದ ಹೊತ್ತಿಗೆ. ನಡುವಿನ ಅಷ್ಟೂ ತಿಂಗಳು ಪ್ರಧಾನಿ ಶೆಹಬಾಜ್ ಷರೀಫ್ ಎಕ್ಸ್‌ನಲ್ಲೇ ಬರೆಯುತ್ತಿದ್ದರು! ಟ್ರಂಪ್ ಗೆದ್ದಾಗ ಶುಭಾಶಯ ಕೋರಿದ ಅವರ ಪೋಸ್ಟಿನ ಕೆಳಗೆ, ನಿಷೇಧವಿರುವ ದೇಶದಿಂದ ವಿಪಿಎನ್ ಹಾಕಿ ಬರೆದದ್ದು ಎಂದು ಬಳಕೆದಾರರು ಟಿಪ್ಪಣಿ ಅಂಟಿಸಿದರು. ಶ್ರೀಲಂಕಾದಲ್ಲೂ ಹೀಗೇ. 2022ರ ಏಪ್ರಿಲ್‌ನಲ್ಲಿ ರಾಜಪಕ್ಸ ಸರ್ಕಾರ ಜಾಲತಾಣ ಮುಚ್ಚಿದಾಗ ಸಚಿವರಾಗಿದ್ದ ನಮಲ್ ರಾಜಪಕ್ಸ ಅವರೇ, ನಾನೂ ವಿಪಿಎನ್‌ನಲ್ಲಿದ್ದೇನೆ, ಇಂಥ ನಿಷೇಧದಿಂದ ಉಪಯೋಗವಿಲ್ಲ ಎಂಬರ್ಥದ ಟ್ವೀಟ್ ಮಾಡಿದ್ದರು.

ಪ್ರಶ್ನೆ: ಕೈಲಾಸ ಮಾನಸ ಸರೋವರಕ್ಕೆ ಹೊರಟಿದ್ದೇವೆ. ಟಿಬೆಟ್ಟಿನಿಂದ ಮಕ್ಕಳಿಗೆ ವಾಟ್ಸ್‌ಆ್ಯಪ್ ಮಾಡಬಹುದೇ? (ಗೃಹಿಣಿ, ಮೈಸೂರು)

ಚೀನಾದ ಜಾಲದಲ್ಲಿ ವಾಟ್ಸ್‌ಆ್ಯಪ್ ಇಲ್ಲ. ಹೋಟೆಲ್ಲಿನ ವೈಫೈ ಹಾಕಿಕೊಂಡರೂ, ಅಲ್ಲಿನ ಸಿಮ್ ಕೊಂಡರೂ ತಿರುಗುತ್ತಲೇ ಇರುತ್ತದೆ. ಅಲ್ಲಿಯವರು ಬಳಸುವ ವಿಚಾಟ್ ಅನ್ನು ನಮ್ಮ ಸರ್ಕಾರ 2020ರ ಜೂನ್‌ನಲ್ಲಿ, ಟಿಕ್‌ಟಾಕ್ ಜೊತೆಗೇ, ನಿಷೇಧಿಸಿದೆ. ಹೀಗಾಗಿ ಗಡಿಯ ಎರಡೂ ಕಡೆ ನಡೆಯುವ ಆ್ಯಪ್ ಹುಡುಕುವುದೇ ಕಷ್ಟ. ಹೊರಡುವ ಮುಂಚೆ ನಿಮ್ಮ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಚೀನಾ ಅದರಲ್ಲಿ ಸೇರಿದೆಯೇ ಎಂದು ಕಂಪನಿಯನ್ನು ಕೇಳಿಕೊಳ್ಳಿ. ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ಜಾಲದ ಮೂಲಕವೇ ಹಾಯುವುದರಿಂದ ಅದರಲ್ಲಿ ವಾಟ್ಸ್‌ಆ್ಯಪ್ ನಡೆಯುತ್ತದೆ. ಯಾರೋ ಹೇಳಿದರೆಂದು ವಿಪಿಎನ್ ಹಾಕಿಕೊಂಡು ಹೋಗಬೇಡಿ, ಅಲ್ಲಿ ಅದು ತಂಟೆಗೆ ದಾರಿ. ಪರಿಕ್ರಮದ ದಾರಿಯಲ್ಲಿ ಸಿಗ್ನಲ್ ಬಂದರೆ ಬಂತು. ನಾಲ್ಕು ದಿನ ಮೆಸೇಜ್ ಬರದಿದ್ದರೆ ಗಾಬರಿಯಾಗಬೇಡಿ ಎಂದು ಮಕ್ಕಳಿಗೆ ಈಗಲೇ ಹೇಳಿಡಿ.