ಮೇಕ್ ಕುರಿತ ನಿಮ್ಮ ಲೇಖನದ ಮೂರನೆಯ ಪುಟ

ಪ್ರಿಯ ಮಿತ್ರರೇ,

ಮೂಲ ಫೈಲುಗಳಿಂದ ಪ್ರೋಗ್ರಾಂ ಕಟ್ಟಿಕೊಡುವ ಮೇಕ್ ಎಂಬ ಸಾಧನದ ಕುರಿತು ಬದಿಯಡ್ಕದಿಂದ ನೀವು ಕಳುಹಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಇಂಥ ವಿಷಯ ಕನ್ನಡದಲ್ಲಿ ಬರುತ್ತಿರುವುದು ಸಂತೋಷ. ಆದರೆ ಮೂರನೆಯ ಪುಟ ನನ್ನನ್ನು ಕೆರಳಿಸಿತು.

‘ಫೈಲ್ ಒಂದೇ ಆಗಿದ್ದರೆ ಪಾತ್ ಹೇಗೆ ಬರೆದರೂ ಮೇಕ್‌ಗೆ ತಿಳಿಯುತ್ತದೆ’ ಎಂದಿದ್ದೀರಿ (ಪಾತ್ ಎಂದರೆ ಫೈಲ್ ಎಲ್ಲಿದೆಯೆಂದು ಹೇಳುವ ವಿಳಾಸ). ತಿಳಿಯುವುದಿಲ್ಲ. ಮೇಕ್ ಹೋಲಿಸುವುದು ಹೆಸರಿನ ಅಕ್ಷರಗಳನ್ನು. ಶಾಲೆಯ ದಾಖಲೆಯಲ್ಲಿ ಕನ್ನಡದ ರೀತಿ, ರೇಷನ್ ಕಾರ್ಡಿನಲ್ಲಿ ಮಲಯಾಳದ ರೀತಿ ಹೆಸರು ಬರೆಸಿಕೊಂಡ ನಮ್ಮ ಕಾಸರಗೋಡಿನವರು ಕಚೇರಿಯಲ್ಲಿ ಇಬ್ಬರಾಗಿಬಿಡುತ್ತಾರಲ್ಲ, ಹಾಗೆ. ಬಹುಶಃ ನೀವು ಹೆಸರಿನ ಆರಂಭದಲ್ಲಿ ‘./’ (ಅಂದರೆ ‘ಇದೇ ಫೋಲ್ಡರ್’) ಸೇರಿಸಿ ನೋಡಿದ್ದೀರಿ. ಮೇಕ್‌ನ ಗ್ನೂ ರೂಪವಾದ ಗ್ನೂ ಮೇಕ್ ಅದೊಂದನ್ನು ತೆಗೆದುಹಾಕುತ್ತದೆ, ನಿಜ. ‘ಮೂಲ/../ಆವೃತ್ತಿ.ಎಚ್’ ಎಂದು ಬರೆಯಿರಿ (‘..’ ಎಂದರೆ ಒಂದು ಫೋಲ್ಡರ್ ಮೇಲಕ್ಕೆ), ಅದು ‘ಆವೃತ್ತಿ.ಎಚ್’ ಆಗುವುದಿಲ್ಲ.

ನಿಮ್ಮ ಉದಾಹರಣೆಯನ್ನೇ ನೋಡಿ. ಮೊದಲ ನಿಯಮ, ಅಂದರೆ ಯಾವ ಫೈಲನ್ನು ಹೇಗೆ ತಯಾರಿಸಬೇಕೆಂದು ಮೇಕ್‌ಗೆ ಹೇಳುವ ಸೂಚನೆ, ‘ಆವೃತ್ತಿ.ಎಚ್’ ತಯಾರಿಸುತ್ತದೆ. ಎರಡನೆಯದು ಅದೇ ಫೈಲನ್ನು ‘/ಮನೆ/ಕೆಲಸ/ಆವೃತ್ತಿ.ಎಚ್’ ಎಂಬ ಪೂರ್ಣ ಪಾತ್‌ನಿಂದ ಕೇಳುತ್ತದೆ. ಫೈಲ್ ಇಲ್ಲದಿದ್ದರೆ ‘ಇದನ್ನು ತಯಾರಿಸುವ ನಿಯಮವಿಲ್ಲ’ ಎಂದು ಮೇಕ್ ನಿಂತುಬಿಡುತ್ತದೆ. ಅದು ಓದುಗನ ಪುಣ್ಯ. ಹಳೆಯ ಪ್ರತಿ ಅಲ್ಲೇ ಬಿದ್ದಿದ್ದರೆ? ಮೊದಲ ನಿಯಮದ ಗೊಡವೆಗೇ ಹೋಗದೆ ಅದನ್ನೇ ಒಪ್ಪಿಕೊಂಡು ಮುಂದೆ ಸಾಗುತ್ತದೆ. ನಿಮ್ಮನ್ನು ನಂಬಿದ ವಿದ್ಯಾರ್ಥಿ ತಪ್ಪು ಎಲ್ಲಿದೆಯೆಂದು ರಾತ್ರಿಯೆಲ್ಲ ಹುಡುಕಬೇಕು.

ನಿಂಜಾ ಎಂಬ ಇಂಥದೇ ಇನ್ನೊಂದು ಸಾಧನ ಇದಕ್ಕಿಂತ ವಾಸಿ, ‘..’ ಇರುವ ಪಾತ್‌ಗಳನ್ನು ಮೊದಲೇ ಸರಳಗೊಳಿಸಿಕೊಳ್ಳುತ್ತದೆ. ಆದರೂ ಪೂರ್ಣ ಪಾತ್ ಮತ್ತು ಸಾಪೇಕ್ಷ ಪಾತ್ (ಈಗಿರುವ ಫೋಲ್ಡರ್‌ನಿಂದ ಹೇಳಿದ ವಿಳಾಸ) ಅದಕ್ಕೂ ಎರಡೇ.

ಮುಂದಿನ ಸಾಲು: ‘ಹೆಸರಿನ ನಡುವೆ ಜಾಗವಿದ್ದರೆ ಉದ್ಧರಣ ಚಿಹ್ನೆ ಹಾಕಿದರೆ ಸಾಕು.’ ಯಾರು ಹೇಳಿದರು? ಆದೇಶಗಳನ್ನು ಟೈಪ್ ಮಾಡುವ ಶೆಲ್‌ನಲ್ಲಿ ಸಾಕು. ಮೇಕ್‌ನ ನಿಯಮದಲ್ಲಿ "ಹೊಸ ಪಾಠ.ಸಿ" ಎಂದರೆ ‘"ಹೊಸ’ ಎಂಬುದೊಂದು ಫೈಲ್, ‘ಪಾಠ.ಸಿ"’ ಎಂಬುದು ಇನ್ನೊಂದು. ಜಾಗಕ್ಕೆ ಮೊದಲು ‘\’ ಹಾಕಿದರೆ ನಿಯಮದ ಮಟ್ಟಿಗೆ ನಡೆಯುತ್ತದೆ. ಹೆಸರುಗಳ ಪಟ್ಟಿಯ ಮೇಲೆ ಕೆಲಸ ಮಾಡುವ ಮೇಕ್‌ನ ಫಂಕ್ಷನ್‌ಗಳು ಆಗಲೂ ಅದನ್ನು ತುಂಡರಿಸುತ್ತವೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದಂದಿನಿಂದ ಹೆಸರುಗಳನ್ನು ಬೇರ್ಪಡಿಸುವುದು ಜಾಗವೇ. ಫೈಲ್ ಹೆಸರಿನಲ್ಲಿ ಜಾಗ ಬಿಡಬೇಡಿ ಎಂದು ನೇರವಾಗಿ ಬರೆಯಿರಿ.

ಕಾಸರಗೋಡಿನ ಸಣ್ಣ ಪತ್ರಿಕೆಯೊಂದರಲ್ಲಿ ನಾನು ಕರಡು ತಿದ್ದಲು ಸೇರಿದಾಗ ಬಸ್ಸಿನ ವೇಳಾಪಟ್ಟಿ ಅಚ್ಚಾಗುತ್ತಿತ್ತು. ಮೇಜಿನ ಮೇಲಿದ್ದ ಪಟ್ಟಿಯನ್ನು ನಮ್ಮ ಹಿರಿಯ ಸಂಪಾದಕರು ಮುಟ್ಟಗೊಡುತ್ತಿರಲಿಲ್ಲ. ‘ನಿಲ್ದಾಣಕ್ಕೆ ಹೋಗು, ಬಸ್ಸು ಹೊರಡುವುದನ್ನು ನೋಡು, ಆಮೇಲೆ ಬರೆ’ ಎನ್ನುತ್ತಿದ್ದರು. ಸುಳ್ಯದ ಕಡೆಯ ಬಸ್ಸಿಗಾಗಿ ಮಳೆಯಲ್ಲಿ ಕೊಡೆ ಹಿಡಿದು ನಿಂತದ್ದುಂಟು. ಆಗ ಸಿಟ್ಟು ಬರುತ್ತಿತ್ತು. ಇಂದು ನಿಮ್ಮಿಂದ ಅದನ್ನೇ ಕೇಳುತ್ತಿದ್ದೇನೆ.

ಎರಡೂ ಉದಾಹರಣೆಗಳನ್ನು ‘-ಡಿ’ ಆಯ್ಕೆಯೊಂದಿಗೆ ಓಡಿಸಿ. ಮೇಕ್ ಯಾವ ಹೆಸರನ್ನು ಪರಿಗಣಿಸಿತೆಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ. ಆ ಸಾಲುಗಳ ಸಮೇತ ಮೂರನೆಯ ಪುಟವನ್ನು ಮತ್ತೆ ಬರೆದು ಕಳುಹಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ